ಅದು ರಕ್ತ ಅಲ್ಲ, ಚೆರ್ರಿ

ವಿಟ್ಸೆನ್‌ಹೌಸೆನ್, ಜರ್ಮನಿ
ಭಾನುವಾರ ರಾತ್ರಿ

ಆಯಿಗೆ ನಮಸ್ಕಾರ. ನಾನು ಕ್ಷೇಮ. ಮೊದಲು ಅಜ್ಜಿಗೆ ಹೇಳು: ಬೆಳಿಗ್ಗೆ ವಿಡಿಯೊ ಕಾಲ್‌ನಲ್ಲಿ ನನ್ನ ಕೈ ಕೆಂಪಾಗಿ ಕಂಡದ್ದು ರಕ್ತ ಅಲ್ಲ, ಚೆರ್ರಿ ರಸ. ಅಷ್ಟರಲ್ಲಿ ನೆಟ್ ಹೋಯಿತು, ಅಜ್ಜಿ ಅತ್ತದ್ದು ಮಾತ್ರ ಕೇಳಿಸಿತು.

ನಿನ್ನ ಪತ್ರದ ಫೋಟೊ ಮಾಣಿ ಕಳಿಸಿದ. ಅಪ್ಪಯ್ಯನ ಕಾಲಿನ ಗಾಯ ‘ಸಣ್ಣದು, ಯೋಚನೆ ಮಾಡಬೇಡ’ ಎಂದು ಒಂದೇ ಪುಟದಲ್ಲಿ ನಾಲ್ಕು ಸಲ ಬರೆದಿದ್ದೀಯ. ಒಂದೇ ಸಲ ಬರೆದಿದ್ದರೆ ನಂಬಿಬಿಡುತ್ತಿದ್ದೆ. ಓದಿದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಪುಣ್ಯಕ್ಕೆ ಮನೆಯೊಡತಿ ಹಿತ್ತಿಲ ಮರದಿಂದ ಒಂದು ಬಕೆಟ್ ಹುಳಿ ಚೆರ್ರಿ ಇಳಿಸಿ ತಂದಿಟ್ಟರು, ಇಬ್ಬರೂ ಜಾಮ್ ಮಾಡಲು ಕೂತೆವು. ಈ ಊರಿಗೆ ಚೆರ್ರಿ ಎಂದರೆ ನಮಗೆ ಅಡಕೆ ಇದ್ದಹಾಗೆ. ಜುಲೈ ಜಾತ್ರೆಯಲ್ಲಿ ಚೆರ್ರಿ ರಾಣಿ ಎಂದು ಒಬ್ಬಳನ್ನು ಮೆರೆಸುತ್ತಾರೆ, ಬೀಜ ಯಾರು ಹೆಚ್ಚು ದೂರ ಉಗುಳುತ್ತಾರೆ ಎಂದು ಪಂದ್ಯ ಇಡುತ್ತಾರೆ. ಕೆಳಗಿನಮನೆ ಭಾವ ಬಂದರೆ ಕವಳ ಉಗುಳಿದ ಅನುಭವದಲ್ಲೇ ಗೆದ್ದುಬಿಡುತ್ತಾನೆ.

ಭಾನುವಾರ ಇಲ್ಲಿ ಅಂಗಡಿ ತೆಗೆಯುವುದಿಲ್ಲ. ಜಾಮಿಗೆಂದೇ ಪೆಕ್ಟಿನ್ (ಜಾಮನ್ನು ಗಟ್ಟಿ ಮಾಡುವ, ಹಣ್ಣಿನದೇ ಅಂಟು) ಬೆರೆಸಿದ ಸಕ್ಕರೆ ಸಿಗುತ್ತದೆ, ಅದು ಮನೆಯಲ್ಲಿರಲಿಲ್ಲ. ಬೀಜ ತೆಗೆಯುವ ಸಲಕರಣೆಯೂ ಇಲ್ಲ. ಮನೆಯೊಡತಿ ತಮ್ಮ ತಲೆಯ ಹೇರ್‌ಪಿನ್ ಕಿತ್ತು ಕೊಟ್ಟರು! (ಕುದಿಸಿ ತೊಳೆದೆ, ಮುಖ ಸಿಂಡರಿಸಬೇಡ.) ತೊಟ್ಟಿನ ಜಾಗದಲ್ಲಿ ಪಿನ್ನಿನ ಬಾಗಿದ ತುದಿ ತೂರಿಸಿ ಮೀಟಿದರೆ ಬೀಜ ಟಪ್ಪೆಂದು ಹೊರಗೆ. ಬೀಜ ತೆಗೆದ ಹಣ್ಣು 2 ಕಿಲೊ, ಸಕ್ಕರೆ ಒಂದೂವರೆ ಕಿಲೊ, 2 ನಿಂಬೆಹಣ್ಣಿನ ರಸ. ಚೆರ್ರಿಯಲ್ಲಿ ಪೆಕ್ಟಿನ್ ಕಡಿಮೆ, ಹಾಗೇ ಕುದಿಸಿದರೆ ಪಾನಕದಂತೆ ತೆಳ್ಳಗೆ ಉಳಿಯುತ್ತದೆ. ಅದಕ್ಕೆ ಒಂದು ಹುಳಿ ಸೇಬನ್ನು ಸಿಪ್ಪೆ ಸಮೇತ ತುರಿದು ಹಾಕಿದೆವು. ಅಗಲ ಪಾತ್ರೆ, ದೊಡ್ಡ ಉರಿ, ಸೌಟು ನಿಲ್ಲಿಸುವಂತಿಲ್ಲ. ನಾನು ಬೆಲ್ಲದ ಪಾಕದ ಅಭ್ಯಾಸದಲ್ಲಿ ಬೆರಳಲ್ಲಿ ಎಳೆ ನೋಡಹೊರಟೆ. ಅವರು ನಕ್ಕು ಫ್ರೀಜರಿನಿಂದ ತಟ್ಟೆ ತೆಗೆದರು. ಅದರ ಮೇಲೆ ಒಂದು ಹನಿ ಬಿಟ್ಟು, ಒಂದು ನಿಮಿಷದ ಮೇಲೆ ಬೆರಳಿಂದ ದೂಡಿದರೆ ಸುಕ್ಕು ಕಟ್ಟಬೇಕು. ಮೂರನೇ ಸಲಕ್ಕೆ ಕಟ್ಟಿತು. ನಿನ್ನ ಮಿಡಿ ಉಪ್ಪಿನಕಾಯಿ ಜಾಡಿಯ ಹಾಗೆ ನೀರು ತಾಗಬಾರದೆಂಬ ಹಠ ಇಲ್ಲಿಲ್ಲ. ಹತ್ತು ನಿಮಿಷ ನೀರಲ್ಲಿ ಕುದಿಸಿದ ಹಳೇ ಬಾಟಲಿಗೆ ಬಿಸಿಬಿಸಿಯಾಗಿಯೇ ತುಂಬಿ ಮುಚ್ಚಳ ಬಿಗಿಯುವುದು. ತಣಿಯುವಾಗ ಮುಚ್ಚಳಗಳು ಒಂದೊಂದಾಗಿ ‘ಟಕ್’ ಎಂದು ಒಳಕ್ಕೆ ಕೂತವು. ಏಳು ಬಾಟಲಿ ಆಯಿತು.

ಸಕ್ಕರೆ ಸುರಿಯುವಾಗ ಅಪ್ಪಯ್ಯನದೇ ಯೋಚನೆ. ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ 240 ಬಂದರೆ ಅದು ‘ಸ್ವಲ್ಪ ಜಾಸ್ತಿ’ ಅಲ್ಲ ಆಯಿ. ಹದಿನೈದು ದಿನವಾದರೂ ಮಾಯದ ಗಾಯಕ್ಕೆ ಅರಿಶಿನ ಹಚ್ಚುತ್ತ ಕೂತರೆ ಹೇಗೆ? ‘ನೋವೇ ಇಲ್ಲ’ ಎನ್ನುತ್ತಾರಂತಲ್ಲ, ನನಗೆ ಹೆದರಿಕೆ ಆದದ್ದೇ ಅದಕ್ಕೆ. ಸಕ್ಕರೆ ಕಾಯಿಲೆಯಲ್ಲಿ ಪಾದದ ನರ ಸೋತು ನೋವು ಗೊತ್ತಾಗದೆ ಹೋಗುತ್ತದೆ. ಮಳೆ ಒಂದು ಗಳಿಗೆ ಬಿಟ್ಟರೆ ಸಾಕು, ಕೊಳೆ ರೋಗ ಬರುತ್ತದೆಂದು ಅಡಕೆಗೆ ಬೋರ್ಡೊ ಔಷಧಿ ಹೊಡೆಸಲು ಓಡುತ್ತಾರೆ, ತಮ್ಮ ಕಾಲಿಗೆ ಮಾತ್ರ ಮದ್ದು ಬೇಡ! ಬರಿಗಾಲಲ್ಲಿ ತೋಟಕ್ಕೆ ಇಳಿಯಲು ಬಿಡಬೇಡ. ನಾಳೆಯೇ ಮಾಣಿ ಶಿರಸಿಗೆ ಕರೆದುಕೊಂಡು ಹೋಗಲಿ. ದುಡ್ಡು ಹಾಕಿದ್ದೇನೆ. ನನಗೇನೂ ಕಷ್ಟವಿಲ್ಲ, ನಿಜವಾಗಿಯೂ ಇಲ್ಲ, ಊಟ ನಿದ್ದೆ ಎಲ್ಲ ಸರಿ ಇದೆ, ಇದ್ದದ್ದಕ್ಕಿಂತ ದಪ್ಪವೇ ಆಗಿದ್ದೇನೆ.

ಚೆರ್ರಿ ಬೀಜವನ್ನೂ ಇವರು ಎಸೆಯುವುದಿಲ್ಲ. ಕುದಿಸಿ, ಉಜ್ಜಿ, ಒಣಗಿಸಿ ಬಟ್ಟೆಯ ಚೀಲದಲ್ಲಿ ಹೊಲಿದು, ಬಿಸಿ ಮಾಡಿ ಸೊಂಟಕ್ಕೆ ಶಾಖ ಕೊಡುತ್ತಾರೆ, ನಮ್ಮ ಉಪ್ಪಿನ ಗಂಟಿನ ಹಾಗೆ. ಅಜ್ಜಿಗೆ ಒಂದು ಹೊಲಿಯುತ್ತಿದ್ದೇನೆ. ಆಗಸ್ಟಿನಲ್ಲಿ ಗೆಳತಿ ಊರಿಗೆ ಬರುವಾಗ ಕೊಟ್ಟು ಕಳಿಸುತ್ತೇನೆ, ಜೊತೆಗೆ ಒಂದು ಬಾಟಲಿ ಜಾಮ್. ಜಾಮನ್ನು ಅಪ್ಪಯ್ಯನ ಕಣ್ಣಿಗೆ ಬೀಳದ ಕಡೆ ಇಡು. ಬಿಸಿ ಚೀಲವನ್ನು ಅವರ ಕಾಲಿಗೆ ತಾಗಿಸಲೇಬೇಡ, ಸುಟ್ಟರೂ ಗೊತ್ತಾಗುವುದಿಲ್ಲ.

ಪಾತ್ರೆ ತೊಳೆಯುವುದು ಬಾಕಿ, ಬೆಳಿಗ್ಗೆ ಎಂಟಕ್ಕೆ ಕ್ಲಾಸು. ಡಾಕ್ಟರು ಏನೆಂದರೆಂದು ನಾಳೆ ಸಂಜೆಯೊಳಗೆ ತಿಳಿಸು. ಗಾಯದ ಫೋಟೊ ಕಳಿಸಲು ಮಾಣಿಗೆ ಹೇಳು, ಹತ್ತಿರದಿಂದ, ಬೆಳಕಿನಲ್ಲಿ.

ಇತಿ,
ನಿನ್ನ ಕೂಸು