ಎರಡನೇ ಭಾಗ ಬರಿಯೋ ತಂಗಿಗೆ

ತಂಗಿ,

ನಿನ್ನ ಕತಿ ನಿನ್ನೆ ರಾತ್ರಿ ಎರಡು ಸಲ ಓದಿದೆ. ಮೊದಲನೇ ಭಾಗದಾಗ ಹಳೇ ಬಾಗಲಕೋಟಿ ಮನಿ, ಮಣ್ಣೆತ್ತಿನ ಅಮಾಸಿಗೆ ಅಜ್ಜಿ ಮಾಡಿಕೊಟ್ಟ ಎತ್ತು, ಅದನ್ನ ಹೊಳಿಗೆ ಬಿಡಾಕ ಒಲ್ಲೆ ಅಂತ ಹುಡುಗಿ ಲಂಗದಾಗ ಮುಚ್ಚಿಟ್ಟಕೊಂಡಿದ್ದು ಇನ್ನೂ ನನ್ನ ಕಣ್ಣಾಗ ಐತಿ. ಎರಡನೇ ಭಾಗಕ್ಕ ಬಂದ ಕೂಡಲೇ ಯಾಕೋ ನಿನಗ ಧೈರ್ಯ ಸಾಲಲಿಲ್ಲ ಅನಸ್ತು. ಒಂದು ಕಳವು, ಒಂದು ಆ್ಯಕ್ಸಿಡೆಂಟ್, ಆಸ್ಪತ್ರಿ, ಎಲ್ಲಾರೂ ಅಳೋದು. ಇಷ್ಟೆಲ್ಲಾ ಬ್ಯಾಡವಾ.

ಟಾಯ್ ಸ್ಟೋರಿ ಮೂರನೇ ಪಾರ್ಟ್ ನೋಡೀಯೇನು? ಮಕ್ಕಳ ಕಾರ್ಟೂನ್ ಅಂತ ಬಿಟ್ಟಿದ್ರ ಈ ಸಂಡೇನ ನೋಡು. ಮೊದಲನೇದು 1995ರಾಗ ಬಂತು, ಮೂರನೇದು 2010ರಾಗ, ನಡುವಿನ ಆ 15 ವರ್ಷನ ಅದರ ಬಂಡವಾಳ. ಗೊಂಬಿಗಳ ಒಡೆಯ ಆಂಡಿ ಅನ್ನೋ ಹುಡುಗಗ ಈಗ 17, ಕಾಲೇಜಿಗೆ ಹೊಂಟಾನ, ಸಣ್ಣಾಂವ ಇದ್ದಾಗ ಆಂಡಿಗೆ ದನಿ ಕೊಟ್ಟ ಜಾನ್ ಮಾರಿಸ್‌ನನ್ನ ಮತ್ತ ಕರಸ್ಯಾರ, ಅಂದ್ರ ಆ ದನಿನೂ ಖರೇನ ಬೆಳದಿತ್ತು. ಅದರಾಗೂ ಬೆಂಕಿ ಕುಲುಮಿ ಸೀನ್ ಐತಿ, ದೊಡ್ಡ ಗಂಡಾಂತರ, ಆದ್ರ ಅಲ್ಲಿ ಗೊಂಬಿಗೋಳು ಒಂದು ಮಾತೂ ಆಡಂಗಿಲ್ಲ, ಸುಮ್ನ ಒಬ್ಬರ ಕೈ ಒಬ್ಬರು ಹಿಡಕೋತಾವ. ನನಗ ಅದಕ್ಕಿಂತ ಹೆಚ್ಚು ತಟ್ಟಿದ್ದು ಆಂಡಿ ಅವ್ವ ಮಗನ ಖಾಲಿ ಖೋಲಿ ನೋಡಿ ಮಾತಾಡಕೋತ ಬಂದಾಕಿ ನಡುಕ ನಿಲ್ಲಸಿಬಿಡೋದು. ನನ್ನ ಮಗ ಧಾರವಾಡಕ್ಕ ಓದಾಕ ಹೋದ ದಿನ ನಾನೂ ಬಾಗಲದಾಗ ಹಂಗ ನಿಂತಿದ್ದೆ, ಗಾದಿ ಸುತ್ತಿಟ್ಟ ಮಂಚ ನೋಡಕೋತ.

ಕಡೀಕ ಆಂಡಿ ಗೊಂಬಿಗಳನ್ನ ಬಾನಿ ಅನ್ನೋ ಸಣ್ಣ ಹುಡುಗಿಗೆ ಕೊಡತಾನ, ಒಂದೊಂದರ ಗುಣಾ ಹೇಳಿ. ಡಬ್ಬಿ ತಳದಾಗ ಅವನ ಅಚ್ಚುಮೆಚ್ಚಿನ ಕೌಬಾಯ್ ಗೊಂಬಿ ವುಡಿ ಸಿಗತಾನ, ಕಾಲೇಜಿಗೆ ಒಯ್ಯಬೇಕಂತ ಬ್ಯಾರೆ ಇಟ್ಟಿದ್ದಾಂವ. ಹುಡುಗಿ ಕೈ ಚಾಚಿದಾಗ ಆಂಡಿ ತಟ್ಟನ ಹಿಂದಕ ಎಳಕೋತಾನ, ಆ ಒಂದು ಸೆಕೆಂಡ್ ನೋಡು! ಡಬ್ಬಿ ಮ್ಯಾಲ ಚೀಟಿ ಬರದು ತಾನಾಗೇ ಒಳಗ ಕುಂತಾಂವ ವುಡಿನ, ಅದು ಆಂಡಿಗೆ ಗೊತ್ತಿಲ್ಲ, ನಮಗ ಗೊತ್ತೈತಿ. ಅದಕ್ಕ ಗಂಟಲ ಬಿಗೀತೈತಿ.

ನಿನ್ನ ಹಂತೇಕನೂ ಇಂಥಾದ್ದು ಐತಿ. ಓದಿದವರಿಗೆ ಆ ಮಣ್ಣೆತ್ತು ಆಗಲೇ ಗೊತ್ತು, ಹೊಸಾದಾಗಿ ಅಳಸೂದು ಬೇಕಾಗಿಲ್ಲ. ಆಲಮಟ್ಟಿ ಡ್ಯಾಮಿನ ಹಿನ್ನೀರು ಹಳೇ ಊರಿಗೆ ಬರತೈತಿ ಅಂತ ಜನ ಬಾಗಲಾ ಚೌಕಟ್ಟು ಕಿತ್ತಕೊಂಡು ಹೊಸಾ ಊರು ನವನಗರಕ್ಕ ಹೊಂಟಿದ್ದನ್ನ ನಾ ನೋಡೀನಿ, ಏನು ಒಯ್ಯಬೇಕು ಏನು ಬಿಡಬೇಕು ಅನ್ನೋದರಾಗ ಮನಿ ಮನಿಯೊಳಗ ಜಗಳ. ಕಳವು ತಗದು ಆ ಗಂಟು ಮೂಟಿ ಕಟ್ಟೋ ದಿನಾನ ಬರಿ. ಎತ್ತನ್ನ ಹಳೇ ಸೀರಿ ತುಂಡಿನಾಗ ಸುತ್ತಿ ಹುಡುಗಿ ಟ್ರಂಕ್‌ನಾಗ ಇಡಾಕಿ ಅಜ್ಜಿ ಆಗಲಿ, ಹುಡುಗಿಗೆ ಗೊತ್ತಾಗೂದು ಬ್ಯಾಡ. ಅಜ್ಜಿ ಅಳೂದೂ ಬ್ಯಾಡ, ಟ್ರಂಕ್ ಚಿಲಕ ಬಿಗಿ ಆಗೇತಿ ಅಂತ ಬೈಲಿ ಸಾಕು.

ಆ ಟ್ರಂಕ್ ಸೀನ್ ಅಷ್ಟ ಮೊದಲ ಬರದು ಕಳಸು. ವಾಟ್ಸಾಪ್‌ನಾಗ ಬ್ಯಾಡ, ಪ್ರಿಂಟ್ ತಗದು ಪೋಸ್ಟಿಗೆ ಹಾಕು, ನನಗ ಪೆನ್ನಿಲೆ ಗೆರಿ ಎಳಕೋತ ಓದೋ ರೂಢಿ.

ನಿನ್ನ ಅಕ್ಕ,
ವಿಜಯಪುರ