ನಕ್ಷೆ ಕದ್ದವರ ಹೆಸರು

ಮಾನ್ಯ ಸಂಪಾದಕರೇ,

ದೊಡ್ಡ ಸಿನಿಮಾ ಸರಣಿಗಳಿಗೆ ಅಂಟಿಸುವ ಉಪಕಥೆ ಚಿತ್ರಗಳೆಲ್ಲ ಸುಮ್ನೆ ದುಡ್ಡು ಮಾಡುವ ದಾರಿ ಎಂದು ಓದುಗರೊಬ್ಬರು ಕಳೆದ ವಾರ ಈ ಅಂಕಣದಲ್ಲಿ ಬರೆದಿದ್ದರು. ‘ಸ್ಟಾರ್ ವಾರ್ಸ್’ ಹೆಸರನ್ನೂ ಎತ್ತಿದ್ದರು. 2018ರಲ್ಲಿ ಬಂದ ‘ಸೋಲೋ’ ನನಗೂ ಅಷ್ಟಾಗಿ ಹಿಡಿಸಲಿಲ್ಲ. ಆದರೆ ‘ರೋಗ್ ಒನ್’ ಚಿತ್ರವನ್ನೂ ಅದೇ ಸಾಲಿಗೆ ಸೇರಿಸಿದ್ದು ನೋಡಿ ಬೇಜಾರಾಯಿತು.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ 31 ವರ್ಷ ಡ್ರಾಫ್ಟ್ಸ್‌ಮನ್ ಆಗಿದ್ದವನು. ಮೊದಲು ಬೋರ್ಡು, ಟ್ರೇಸಿಂಗ್ ಶೀಟು, ಅಮೋನಿಯಾ ಪ್ರಿಂಟಿನ ಘಾಟು. ಆಮೇಲೆ ಕಂಪ್ಯೂಟರ್. ಈ ಚಿತ್ರದ ಕಥೆಯೇ ಒಂದು ಡ್ರಾಯಿಂಗಿನದು.

1977ರಲ್ಲಿ ಬಂದ ‘ಸ್ಟಾರ್ ವಾರ್ಸ್’ನ ಮೊದಲ ಚಿತ್ರದ ಆರಂಭದಲ್ಲಿ ಹಳದಿ ಅಕ್ಷರಗಳು ಸರಿದು ಹೋಗುತ್ತವೆ ಅಲ್ವಾ, ಅದರಲ್ಲಿ ಒಂದು ವಾಕ್ಯವಿದೆ. ಸಾಮ್ರಾಜ್ಯದ ವಿರುದ್ಧ ಬಂಡೆದ್ದವರ ಗೂಢಚಾರರು, ಗ್ರಹವನ್ನೇ ಪುಡಿ ಮಾಡಬಲ್ಲ ಅದರ ಅಸ್ತ್ರವಾದ ಡೆತ್ ಸ್ಟಾರ್‌ನ ನಕ್ಷೆ ಕದ್ದರು ಅಂತ. ಅಷ್ಟೇ. ಕದ್ದವರು ಯಾರು, ಅವರ ಗತಿ ಏನಾಯಿತು ಎಂದು 39 ವರ್ಷ ಯಾವ ಚಿತ್ರವೂ ಹೇಳಲಿಲ್ಲ. ವಿಷುವಲ್ ಎಫೆಕ್ಟ್ಸ್ ಕೆಲಸದ ಜಾನ್ ನಾಲ್ ಅವರಿಗೆ ಆ ಒಂದು ವಾಕ್ಯದಿಂದ ‘ರೋಗ್ ಒನ್’ ಕಥೆ ಹೊಳೆಯಿತು. ಗ್ಯಾರೆತ್ ಎಡ್ವರ್ಡ್ಸ್ ನಿರ್ದೇಶಿಸಿದರು.

2016ರ ಡಿಸೆಂಬರಿನಲ್ಲಿ ಮಗಳ ಜೊತೆ ನೋಡಿದೆ. ನೋಟು ರದ್ದಾಗಿ ತಿಂಗಳು ದಾಟಿತ್ತು. ಬೆಳಿಗ್ಗೆ ಎಟಿಎಂ ಸಾಲಿನಲ್ಲಿ ನಿಂತು ಸಿಕ್ಕಿದ್ದು 2,000 ರೂಪಾಯಿಯ ಒಂದೇ ನೋಟು. ಅದಕ್ಕೆ ಚಿಲ್ಲರೆ ಕೊಡುವವರಿಲ್ಲ. ಟಿಕೆಟ್ಟನ್ನು ಮಗಳೇ ಕಾರ್ಡಿನಲ್ಲಿ ತೆಗೆದಳು. ಥಿಯೇಟರಿನವರು ಮಾತಿನ ನಡುವೆಯೇ ಕತ್ತರಿಸಿ ಇಂಟರ್‌ವಲ್ ಕೊಟ್ಟಿದ್ದು ಇವತ್ತಿಗೂ ಸಿಟ್ಟು ತರಿಸುತ್ತದೆ.

ಹಳೆಯ ಚಿತ್ರದಲ್ಲಿ ಎರಡು ಮೀಟರ್ ಅಗಲದ ಕಿಂಡಿಗೆ ಗುರಿಯಿಟ್ಟರೆ ಅಷ್ಟು ದೊಡ್ಡ ಡೆತ್ ಸ್ಟಾರ್ ಸಿಡಿದು ಹೋಗುತ್ತದೆ. ಇಂಥ ದಡ್ಡ ಡಿಸೈನ್ ಯಾರು ಪಾಸ್ ಮಾಡಿದರೋ ಅಂತ ನಾನು ಎಷ್ಟೋ ಸಲ ತಲೆ ಕೆಡಿಸಿಕೊಂಡಿದ್ದೆ. ‘ರೋಗ್ ಒನ್’ನಲ್ಲಿ ಉತ್ತರ ಸಿಕ್ಕಿತು. ಸಾಮ್ರಾಜ್ಯದವರು ವಿಜ್ಞಾನಿ ಗೇಲನ್ ಅರ್ಸೋನನ್ನು ಎಳೆದೊಯ್ದು ಕೆಲಸಕ್ಕೆ ಹಚ್ಚುತ್ತಾರೆ. ಅವನು ರಿಯಾಕ್ಟರಿನೊಳಗೆ ಯಾರಿಗೂ ಗೊತ್ತಾಗದ ಹಾಗೆ ಬೇಕೆಂದೇ ಒಂದು ದೋಷ ಇಟ್ಟುಬಿಡುತ್ತಾನೆ. ಮೈ ಜುಂ ಎಂದಿತು. ಆ ನಕ್ಷೆಯ ಫೈಲಿಗೆ ಇಟ್ಟ ಹೆಸರು ‘ಸ್ಟಾರ್‌ಡಸ್ಟ್’. ಮಗಳು ಜಿನ್‌ಳನ್ನು ಅವನು ಮುದ್ದಿನಿಂದ ಕರೆಯುತ್ತಿದ್ದ ಹೆಸರದು. ಫೈಲುಗಳ ಪಟ್ಟಿ ಓದುತ್ತಾ ಬಂದ ಜಿನ್ ಆ ಹೆಸರು ಕಂಡು ನಿಂತಾಗ ನನ್ನ ಮಗಳು ತಿರುಗಿ ನನ್ನನ್ನೇ ನೋಡಿದಳು. ಚಿಕ್ಕವಳಿದ್ದಾಗ ಶನಿವಾರ ನನ್ನ ಆಫೀಸಿಗೆ ಬಂದು ರದ್ದಿ ಪ್ರಿಂಟುಗಳ ಹಿಂಬದಿಗೆ ಬಣ್ಣ ಹಚ್ಚುತ್ತಿದ್ದವಳು ಅವಳು.

ಕೊನೆಯ ಯುದ್ಧ ನನಗೆ ಜಾಸ್ತಿ ಇಷ್ಟ. ಅಲ್ಲಿ ನಡೆಯುವುದೆಲ್ಲ ಕೈಕೆಲಸ. ನಕ್ಷೆ ಕದಿಯಲು ಜಿನ್ ಜೊತೆ ಬಂದ ತಂಡದ ಬೋಧಿ ಕೇಬಲ್ ಎಳೆದು ಸಿಕ್ಕಿಸುತ್ತಾನೆ. ಕಣ್ಣು ಕಾಣದ ಚಿರುಟ್ ಗುಂಡಿನ ಮಳೆಯಲ್ಲಿ ನಡೆದು ಹೋಗಿ ಒಂದು ಸ್ವಿಚ್ ಹಾಕುತ್ತಾನೆ. ಜಿನ್ ಆಂಟೆನಾ ಸರಿ ಮಾಡುತ್ತಾಳೆ. ಒಬ್ಬರೂ ಉಳಿಯುವುದಿಲ್ಲ. ನಕ್ಷೆ ಮಾತ್ರ ಮುಂದಕ್ಕೆ ಹೋಗುತ್ತದೆ. ಬಂಡಾಯದವರ ಹಡಗಿನೊಳಗೆ ಕೆಂಪು ಕತ್ತಿ ಹಿಡಿದ ಸಾಮ್ರಾಜ್ಯದ ಖಳ ಡಾರ್ತ್ ವೇಡರ್ ಬರುತ್ತಿರುವಾಗ ಬಾಗಿಲು ಅರ್ಧಕ್ಕೇ ಸಿಕ್ಕಿಕೊಂಡಿರುತ್ತದೆ. ಒಬ್ಬ ಸೈನಿಕ ಆ ಸಂದಿಯಲ್ಲಿ ಕೈ ತೂರಿಸಿ ನಕ್ಷೆಯ ಡಿಸ್ಕನ್ನು ಆಚೆಯವನಿಗೆ ದಾಟಿಸುತ್ತಾನೆ. ಅವನ ಹೆಸರು ನಮಗೆ ಹೇಳುವುದೇ ಇಲ್ಲ. ನಮ್ಮ ಡ್ರಾಯಿಂಗಿನ ಮೂಲೆಯಲ್ಲೂ ಬರೆದವನಿಗೆ ಅಂತ ಒಂದು ಚಿಕ್ಕ ಚೌಕ ಇರುತ್ತದೆ. ಅದರಲ್ಲಿ ಇನಿಷಿಯಲ್ ಮಾತ್ರ.

ಒಂದು ವಿಷಯ ನನಗೆ ಒಪ್ಪಿಗೆಯಾಗಲಿಲ್ಲ. 1977ರ ಚಿತ್ರದಲ್ಲಿ ಸಾಮ್ರಾಜ್ಯದ ಅಧಿಕಾರಿ ಟಾರ್ಕಿನ್ ಆಗಿದ್ದ, 1994ರಲ್ಲೇ ತೀರಿಕೊಂಡ ನಟ ಪೀಟರ್ ಕುಶಿಂಗ್ ಅವರ ಮುಖವನ್ನು ಕಂಪ್ಯೂಟರಿನಲ್ಲಿ ಮಾಡಿ ಬೇರೊಬ್ಬ ನಟನ ಮೇಲೆ ಕೂರಿಸಿದ್ದಾರೆ. ಕಣ್ಣಿನಲ್ಲಿ ಜೀವವಿಲ್ಲ. ಆ ಪಾತ್ರವನ್ನು ಕಿಟಕಿ ಗಾಜಿನ ಪ್ರತಿಬಿಂಬದಲ್ಲಷ್ಟೇ ತೋರಿಸಿದ್ದರೂ ಸಾಕಿತ್ತು.

ಆ ಓದುಗರು ದಯವಿಟ್ಟು ಒಂದು ಭಾನುವಾರ ಮೊದಲು ‘ರೋಗ್ ಒನ್’, ಅದರ ಬೆನ್ನಿಗೇ 1977ರ ಚಿತ್ರ ನೋಡಲಿ. ನಾವು ಮೊನ್ನೆ ಹಾಗೆ ನೋಡಿದೆವು. ಹಳದಿ ಅಕ್ಷರದಲ್ಲಿ ಆ ವಾಕ್ಯ ಬಂದಾಗ ಮಗಳು ರಿಮೋಟ್ ಒತ್ತಿ ನಿಲ್ಲಿಸಿದಳು. ಇಬ್ಬರೂ ಸೇರಿ ಹೇಳಿದೆವು: ಜಿನ್, ಕ್ಯಾಸಿಯನ್, ಬೋಧಿ, ಚಿರುಟ್, ಬೇಜ್, ಕೆ-2. ಆಮೇಲೆ ಚಿತ್ರ ಮುಂದುವರಿಸಿದೆವು.

ಇಂತಿ,
ನಿವೃತ್ತ ಡ್ರಾಫ್ಟ್ಸ್‌ಮನ್
ಬೆಂಗಳೂರು