ವಿಟಮಿನ್ ಗಮ್ಮಿ ಶಾಲೆಗೆ ಬೇಡ: ಪೋಷಕರಿಗೆ ಪತ್ರ

ಪೋಷಕರಿಗೆ ನಮಸ್ಕಾರ.

ಮಳೆ ರಜೆ ಸರಿದೂಗಿಸುವ ಶನಿವಾರದ ತರಗತಿಗಳ ಬಗ್ಗೆ ಬೇರೆ ಚೀಟಿ ಬರುತ್ತದೆ. ಇದು ಗಮ್ಮಿ ವಿಷಯ.

ನಾಲ್ಕನೇ, ಐದನೇ ತರಗತಿ ಮಕ್ಕಳ ಕಂಪಾಸ್ ಬಾಕ್ಸ್‌ನಲ್ಲಿ ಈಚೆಗೆ ಗಮ್ಮಿ, ಅಂದರೆ ಅಗಿದು ತಿನ್ನುವ ಜೆಲ್ಲಿ ಮಿಠಾಯಿಯಂಥದ್ದು, ಸಿಗುತ್ತಿದೆ. ಕಿತ್ತಳೆ ಬಣ್ಣ, ಕರಡಿ ಮರಿಯ ಆಕಾರ, ಮೇಲೆ ಸಕ್ಕರೆ ಹರಳು. ನೋಟ್‌ಬುಕ್ ಹಾಳೆಯಲ್ಲಿ ಸುತ್ತಿ ತರುತ್ತಾರೆ, ಊಟದ ನಂತರ ಹಂಚಿ ತಿನ್ನುತ್ತಾರೆ. ಒಬ್ಬನ ಬಾಟಲಿ ತರಿಸಿ ನೋಡಿದರೆ ಅದು ಮಲ್ಟಿವಿಟಮಿನ್. ಹಿಂದುಗಡೆ ಸಣ್ಣ ಅಕ್ಷರದಲ್ಲಿ ‘ದಿನಕ್ಕೆ ಎರಡು’ ಅಂತಿದೆ. ಅದನ್ನು ಯಾವ ಮಗು ಓದುತ್ತದೆ? ಸದ್ಯ ಯಾರಿಗೂ ಏನೂ ಆಗಿಲ್ಲ, ಗಾಬರಿ ಬೇಡ. ಆದರೆ ಅದರಲ್ಲಿರುವ ವಿಟಮಿನ್ ಎ ಬಗ್ಗೆ ನಿಮಗೆ ಗೊತ್ತಿರಬೇಕು.

ಕಕ್ಕಡ ಮಾಸದಲ್ಲಿ ಮದ್ದು ಸೊಪ್ಪಿನ ಪಾಯಸ ತಿಂದ ಮೇಲೆ ಮೂತ್ರದ ಬಣ್ಣ ಬದಲಾಗುವುದನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ವಿಟಮಿನ್ ಸಿ ಜಾಸ್ತಿಯಾದರೂ ಹಾಗೆಯೇ ಮೂತ್ರದಲ್ಲಿ ಹೊರಟುಹೋಗುತ್ತದೆ. ವಿಟಮಿನ್ ಎ ಹಾಗಲ್ಲ. ಅದು ಕೊಬ್ಬಿನಲ್ಲಿ ಕರಗುವಂಥದ್ದು, ಲಿವರ್‌ನಲ್ಲಿ ಕೂತುಬಿಡುತ್ತದೆ. ದಿನಾ ಸ್ವಲ್ಪ ಸ್ವಲ್ಪ ಹೆಚ್ಚಾದರೂ ಅಲ್ಲೇ ಸೇರುತ್ತಾ ಹೋಗುತ್ತದೆ.

ಅಮೆರಿಕದ ತಜ್ಞರು ಹಾಕಿರುವ ಮಿತಿ ಹೀಗಿದೆ: 4ರಿಂದ 8 ವರ್ಷದ ಮಗುವಿಗೆ ದಿನಕ್ಕೆ 900 ಮೈಕ್ರೋಗ್ರಾಂ, 9ರಿಂದ 13 ವರ್ಷಕ್ಕೆ 1,700. ಇದು ದಿನವೂ ಇಷ್ಟು ಬೇಕು ಅನ್ನುವ ಲೆಕ್ಕವಲ್ಲ, ಇದನ್ನು ದಾಟಬಾರದು ಅನ್ನುವ ಲೆಕ್ಕ. ಒಂದು ಟೀ ಚಮಚ ಕಾಡ್ ಮೀನಿನ ಲಿವರ್ ಎಣ್ಣೆಯಲ್ಲೇ ಸುಮಾರು 1,350 ಇರುತ್ತದೆ. ಅದರ ಜೊತೆ ಗಮ್ಮಿ, ಹಾಲಿಗೆ ಬೆರೆಸುವ ಪುಡಿ, ವಿಟಮಿನ್ ಬೆರೆಸಿದ ‘+ಎಫ್’ ಗುರುತಿನ ಅಡುಗೆ ಎಣ್ಣೆ ಎಲ್ಲ ಸೇರಿಸಿ ನೋಡಿ. ಲೇಬಲ್‌ನಲ್ಲಿ ಐಯು (ವಿಟಮಿನ್ ಅಳೆಯುವ ಇನ್ನೊಂದು ಮಾನ) ಅಂತಿದ್ದರೆ 3.3ರಿಂದ ಭಾಗಿಸಿ, ಮೈಕ್ರೋಗ್ರಾಂ ಸಿಗುತ್ತದೆ. ನಿಮ್ಮ ಏಳನೇ ತರಗತಿಯ ಮಗಳೇ ಲೆಕ್ಕ ಮಾಡಿಕೊಡುತ್ತಾಳೆ.

ಒಮ್ಮೆಲೇ ತುಂಬಾ ತಿಂದರೆ ತಲೆನೋವು, ವಾಂತಿ, ಮಂಪರು ಬರುತ್ತದೆ. ತಿಂಗಳುಗಟ್ಟಲೆ ಜಾಸ್ತಿಯಾದರೆ ಚರ್ಮ ಒಣಗಿ ಸುಲಿಯುತ್ತದೆ, ತುಟಿ ಒಡೆಯುತ್ತದೆ, ಕೂದಲು ಉದುರುತ್ತದೆ, ಮೂಳೆ ನೋಯುತ್ತದೆ, ಹಸಿವು ಕಡಿಮೆಯಾಗುತ್ತದೆ. ಲಿವರ್ ಕೆಡಬಹುದು. ತಲೆಯೊಳಗೆ ಒತ್ತಡ ಹೆಚ್ಚಿ ದೃಷ್ಟಿ ಮಂಜಾಗಲೂಬಹುದು. ಹಾಗಂತ ತುಟಿ ಒಡೆದ ತಕ್ಷಣ ಆಸ್ಪತ್ರೆಗೆ ಓಡಬೇಡಿ. ಡಿಸೆಂಬರ್ ಚಳಿಗೆ ನಮ್ಮಲ್ಲಿ ಯಾರ ತುಟಿ ಒಡೆಯುವುದಿಲ್ಲ ಹೇಳಿ!

ಮೊಬೈಲ್ ನೋಡಿ ಕಣ್ಣು ಹಾಳಾಗಿದೆ, ಅದಕ್ಕೇ ಕೊಡುತ್ತೇವೆ ಅಂತ ಕೆಲವರು ಹೇಳಿದಿರಿ. ವಿಟಮಿನ್ ಎ ಕೊರತೆಯಿಂದ ಇರುಳುಗುರುಡು ಬಂದಿದ್ದರೆ ಇದು ಮದ್ದು, ಸರಿ. ಬೋರ್ಡು ಮಸುಕಾಗಿ ಕಾಣುವುದಕ್ಕೆ ಬೇಕಾಗಿರುವುದು ಕನ್ನಡಕ. ಎಷ್ಟು ಬಾಟಲಿ ಖಾಲಿ ಮಾಡಿದರೂ ನಂಬರ್ ಇಳಿಯುವುದಿಲ್ಲ.

ಊಟದ ಬಗ್ಗೆ ಹೆದರಬೇಡಿ. ಕೆಸುವಿನ ಸೊಪ್ಪು, ಕುಂಬಳ ಕರಿ, ಪಪ್ಪಾಯಿ, ಕ್ಯಾರೆಟ್ ಎಲ್ಲದರಲ್ಲೂ ಇರುವುದು ಕ್ಯಾರೋಟಿನ್. ದೇಹ ಅದರಿಂದ ತನಗೆ ಬೇಕಾದಷ್ಟೇ ವಿಟಮಿನ್ ಎ ಮಾಡಿಕೊಳ್ಳುತ್ತದೆ. ತುಂಬಾ ತಿಂದರೆ ಅಂಗೈ ಹಳದಿಯಾಗಬಹುದು, ತೊಂದರೆಯಿಲ್ಲ. ಕಣ್ಣಿನ ಬಿಳಿ ಭಾಗ ಹಳದಿಯಾದರೆ ಮಾತ್ರ ಅದು ಕಾಮಾಲೆ ಇರಬಹುದು, ಡಾಕ್ಟರಿಗೆ ತೋರಿಸಿ. ಹಂದಿ ಲಿವರ್ ವಿಷಯ ಬೇರೆ: 100 ಗ್ರಾಂನಲ್ಲಿ 5,000 ಮೈಕ್ರೋಗ್ರಾಂ ದಾಟುತ್ತದೆ. ಕೈಲ್ ಮುಹೂರ್ತ ಹಬ್ಬಕ್ಕೆ ಒಂದೆರಡು ತುಂಡು ತಿಂದರೆ ಏನಾಗುವುದಿಲ್ಲ. ರಕ್ತ ಹೆಚ್ಚಲಿ ಅಂತ ವಾರಕ್ಕೆ ಮೂರ್ನಾಲ್ಕು ಸಲ ಚಿಕ್ಕ ಮಕ್ಕಳಿಗೆ ತಿನ್ನಿಸುವುದು ಬೇಡ.

ಅಂಗನವಾಡಿಗೆ ಹೋಗುವ ತಮ್ಮ ತಂಗಿಯರಿಗೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಕೊಡುವ ವಿಟಮಿನ್ ಎ ದ್ರಾವಣವನ್ನು ದಯವಿಟ್ಟು ತಪ್ಪಿಸಬೇಡಿ. ಒಂದು ಸಲಕ್ಕೆ 2 ಲಕ್ಷ ಐಯು ಅಂದರೆ ಜಾಸ್ತಿ ಅನ್ನಿಸಬಹುದು. ಲಿವರ್ ಅದನ್ನು ಕೂಡಿಟ್ಟು ತಿಂಗಳುಗಟ್ಟಲೆ ಬಳಸಲಿ ಅಂತಲೇ ಅಷ್ಟು ಕೊಡುವುದು. ಮನೆಯಲ್ಲಿ ಗಮ್ಮಿಯನ್ನೋ ಸಿರಪ್ಪನ್ನೋ ಕೊಡುತ್ತಿದ್ದರೆ ಆಶಾ ಕಾರ್ಯಕರ್ತೆಗೆ ಮೊದಲೇ ಹೇಳಿ.

ಬಸುರಿ ತಾಯಂದಿರಿಗೂ ಒಂದು ಮಾತು. ವಿಟಮಿನ್ ಎ ದಿನಕ್ಕೆ 10,000 ಐಯು ದಾಟಿದರೆ ಹೊಟ್ಟೆಯಲ್ಲಿರುವ ಮಗುವಿಗೆ ಅಂಗವೈಕಲ್ಯ ಬರುವ ಅಪಾಯವಿದೆ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆಯೂ ವಿಟಮಿನ್ ಎ ಕುಟುಂಬದ್ದೇ, ಬಸುರಿಯರು ಅದನ್ನು ತೆಗೆದುಕೊಳ್ಳಲೇಬಾರದು.

ಸೋಮವಾರದಿಂದ ಗಮ್ಮಿ, ಟಾನಿಕ್, ಮಾತ್ರೆ ಯಾವುದನ್ನೂ ಬ್ಯಾಗಿನಲ್ಲಿ ಕಳಿಸಬೇಡಿ. ಡಾಕ್ಟರ್ ಬರೆದುಕೊಟ್ಟಿದ್ದರೆ ಚೀಟಿ ಸಮೇತ ಕ್ಲಾಸ್ ಟೀಚರ್ ಕೈಗೆ ಕೊಡಿ. ಮನೆಯಲ್ಲಿ ಬಾಟಲಿಯನ್ನು ಕೈಗೆಟುಕದ ಕಡೆ ಇಡಿ, ಅದನ್ನು ಚಾಕಲೇಟ್ ಅಂತ ಕರೆಯಬೇಡಿ. ಮಗು ಒಂದು ಹಿಡಿ ತಿಂದುಬಿಟ್ಟಿದ್ದರೆ ವಾಂತಿ ಮಾಡಿಸಲು ಹೋಗದೆ, ಬಾಟಲಿ ಹಿಡಿದುಕೊಂಡು ಹತ್ತಿರದ ಆಸ್ಪತ್ರೆಗೆ ಹೋಗಿ. ತೋಟದ ಲೈನ್ ಮನೆಗಳಿಂದ ಮಳೆಯಲ್ಲಿ ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ.

ಇಂತಿ,
ಮುಖ್ಯ ಶಿಕ್ಷಕಿ
ಹಿರಿಯ ಪ್ರಾಥಮಿಕ ಶಾಲೆ, ವಿರಾಜಪೇಟೆ ತಾಲೂಕು